ತೆರೆದ ಕಲ್ಲಿದ್ದಲು ಗಣಿ: ಮಣ್ಣೆತ್ತುವ ವೆಚ್ಚದ ಲೆಕ್ಕ

ಬಾಯ್ಲರ್ ನಡೆಸುವ ಉದ್ಯಮಿಯು ಕಲ್ಲಿದ್ದಲಿನ ಬಿಲ್ಲನ್ನು ಟನ್ನಿನ ದರದಲ್ಲಿ ನೋಡುತ್ತಾನೆ. ಗಣಿಯ ವೆಚ್ಚವಾದರೋ ಬಹುಮಟ್ಟಿಗೆ ಘನ ಮೀಟರಿನಲ್ಲಿ ಹುಟ್ಟುತ್ತದೆ. ಕಲ್ಲಿದ್ದಲಿನ ಮೇಲೆ ಹಾಸಿರುವ ಮಣ್ಣು, ಬಂಡೆಗಳನ್ನು ತೆಗೆದು ಬೇರೆಡೆ ಸುರಿಯುವುದೇ ತೆರೆದ ಗಣಿಯ ದೊಡ್ಡ ಕೆಲಸವಾಗಿದೆ.

ಛತ್ತೀಸಗಢದ ಕೊರ್ಬಾ ಜಿಲ್ಲೆಯ ಗೇವ್ರಾ ಗಣಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೋಲ್ ಇಂಡಿಯಾದ ಅಂಗಸಂಸ್ಥೆಯಾದ ಸೌತ್ ಈಸ್ಟರ್ನ್ ಕೋಲ್‌ಫೀಲ್ಡ್ಸ್‌ಗೆ ಸೇರಿದ ಈ ಗಣಿಯು 1981ರಲ್ಲಿ ಆರಂಭವಾಯಿತು. ಉದ್ದ ಸುಮಾರು 10 ಕಿ.ಮೀ., ಅಗಲ 4 ಕಿ.ಮೀ. 2022-23ರಲ್ಲಿ ಇಲ್ಲಿ 5.25 ಕೋಟಿ ಟನ್ ಕಲ್ಲಿದ್ದಲು ದೊರೆಯಿತು. ಉತ್ಪಾದನೆಯನ್ನು 7 ಕೋಟಿ ಟನ್ನಿಗೆ ಏರಿಸಲು 2024ರಲ್ಲಿ ಪರಿಸರ ಅನುಮತಿ ಲಭಿಸಿತು.

ಅಗೆತವು ಮೇಲಿನಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಈ ಮೆಟ್ಟಿಲುಗಳಿಗೆ ಬೆಂಚ್ ಎಂದು ಹೆಸರು. ಫಲವತ್ತಾದ ಮೇಲ್ಮಣ್ಣನ್ನು ಮುಂದೆ ಗಿಡ ನೆಡಲು ಪ್ರತ್ಯೇಕವಾಗಿ ಕಾದಿರಿಸಲಾಗುತ್ತದೆ. ಕೆಳಗಿನ ಬಂಡೆಗೆ ರಂಧ್ರ ಕೊರೆದು ಸ್ಫೋಟಿಸಿ, ಷವೆಲ್ ಯಂತ್ರದಿಂದ ಡಂಪರುಗಳಿಗೆ ತುಂಬಲಾಗುತ್ತದೆ. ಗೇವ್ರಾದಲ್ಲಿ 42 ಘನ ಮೀಟರಿನ ಷವೆಲ್, 240 ಟನ್ನಿನ ಡಂಪರುಗಳಿವೆ. ಮೊದಮೊದಲು ಈ ಮಣ್ಣು ಗಣಿಯ ಹೊರಗೆ ಗುಡ್ಡವಾಗುತ್ತದೆ. ಹೊಂಡ ಮುಂದುವರಿದಂತೆ ಕಲ್ಲಿದ್ದಲು ತೆಗೆದು ಬರಿದಾದ ಹಿಂಭಾಗಕ್ಕೆ ತುಂಬಬಹುದು. ಕಲ್ಲಿದ್ದಲಿನ ಪದರವನ್ನು ಸರ್ಫೇಸ್ ಮೈನರ್ ಎಂಬ ಯಂತ್ರವು ಸ್ಫೋಟಕವಿಲ್ಲದೆ ಕತ್ತರಿಸಿ ಸಣ್ಣ ತುಂಡುಗಳನ್ನಾಗಿಸುತ್ತದೆ. ಮುಂದೆ ಕನ್ವೇಯರ್ ಪಟ್ಟಿ, ಸೈಲೊ, ರೈಲು ವ್ಯಾಗನ್.

ಒಂದು ಟನ್ ಕಲ್ಲಿದ್ದಲಿಗೆ ಎಷ್ಟು ಘನ ಮೀಟರ್ ಮಣ್ಣು ತೆಗೆಯಬೇಕೆಂಬುದೇ ಸ್ಟ್ರಿಪ್ಪಿಂಗ್ ಅನುಪಾತ. ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಗಣಿಯ ಸರಾಸರಿ ಅನುಪಾತ 2, ಘನ ಮೀಟರಿಗೆ ವೆಚ್ಚ 150 ರೂ. ಎಂದಿರಲಿ. ಟನ್ನಿಗೆ ಬೀಳುವ ಮಣ್ಣಿನ ವೆಚ್ಚ 300 ರೂ. ಈ ವರ್ಷ ಟನ್ನಿಗೆ 1 ಘನ ಮೀಟರ್ ಮಾತ್ರ ತೆಗೆದರೆ ವೆಚ್ಚ 150 ರೂ.ಗೆ ಇಳಿಯುತ್ತದೆ, ಲಾಭ ಉಬ್ಬುತ್ತದೆ. ಆದರೆ ಉಳಿದ ಮಣ್ಣು ಅಲ್ಲಿಯೇ ಇರುತ್ತದೆ. ಮುಂದಿನ ವರ್ಷ ಟನ್ನಿಗೆ 3 ಘನ ಮೀಟರ್ ತೆಗೆಯಬೇಕು, 450 ರೂ. ತೆರಬೇಕು. ಯಂತ್ರಗಳು ಸಾಲದಿದ್ದರೆ ಕಲ್ಲಿದ್ದಲೇ ಸಿಗದು.

ಇದಕ್ಕೆ ವಿರುದ್ಧವಾಗಿ, ಮುಂದಿನ ವರ್ಷಗಳ ಮಣ್ಣನ್ನು ಈಗಲೇ ತೆಗೆದ ಗಣಿಗೆ ಇಂಡ್ ಎಎಸ್ 16ರ ಅನುಬಂಧ ಬಿ ಅನ್ವಯಿಸುತ್ತದೆ. ಭವಿಷ್ಯದ ಲಾಭ ಸಂಭವನೀಯವಾಗಿದ್ದು, ಯಾವ ಭಾಗದ ಖನಿಜಕ್ಕೆ ದಾರಿಯಾಯಿತೆಂದು ಗುರುತಿಸಲು ಮತ್ತು ವೆಚ್ಚವನ್ನು ವಿಶ್ವಾಸಾರ್ಹವಾಗಿ ಅಳೆಯಲು ಸಾಧ್ಯವಿದ್ದರೆ, ಆ ವೆಚ್ಚವನ್ನು ಆಸ್ತಿಯೆಂದು ದಾಖಲಿಸಿ, ಆ ಖನಿಜವನ್ನು ತೆಗೆದಂತೆ ಸವಕಳಿ ಹಾಕಬೇಕು. ಆ ‘ಭಾಗ’ವನ್ನು ಗುರುತಿಸುವುದು ಆಡಳಿತದ ವಿವೇಚನೆಗೆ ಸೇರಿದ್ದು, ಲೆಕ್ಕ ಹಿಗ್ಗುವುದೂ ಕುಗ್ಗುವುದೂ ಇಲ್ಲಿಯೇ.

ಕಲ್ಲಿದ್ದಲಿನ ಗಣಿಯಿಲ್ಲದ ಕರ್ನಾಟಕದ ಸಣ್ಣ ಕೈಗಾರಿಕೆಗೂ ಈ ಮಣ್ಣು ಮುಟ್ಟುತ್ತದೆ. ಮಳೆಗಾಲದಲ್ಲಿ ಹೊಂಡಕ್ಕೆ ನೀರು ನುಗ್ಗಿ, ಡಂಪರಿನ ದಾರಿ ಕೆಸರಾಗಿ ಮಣ್ಣೆತ್ತುವುದು ಹಿಂದೆ ಬೀಳುತ್ತದೆ. 2021ರ ಅಕ್ಟೋಬರಿನಲ್ಲಿ ವಿದ್ಯುತ್ ಸ್ಥಾವರಗಳ ದಾಸ್ತಾನು ಕರಗಿದಾಗ ಅವಕ್ಕೆ ಮೊದಲ ಆದ್ಯತೆ ನೀಡಿ, ಇತರ ಗ್ರಾಹಕರ ಇ-ಹರಾಜನ್ನು ಕೋಲ್ ಇಂಡಿಯಾ ತಾತ್ಕಾಲಿಕವಾಗಿ ತಡೆಹಿಡಿಯಿತು. ಆ ಕೊರತೆಗೆ ಮಳೆಯ ಜೊತೆಗೆ ಆಮದು ಕಲ್ಲಿದ್ದಲಿನ ದುಬಾರಿ ಬೆಲೆ, ಏರಿದ ಬೇಡಿಕೆಗಳೂ ಕಾರಣವಾಗಿದ್ದವು. ದೀರ್ಘಾವಧಿ ಒಪ್ಪಂದವಿಲ್ಲದೆ ಹರಾಜನ್ನೇ ನಂಬಿದ ಖರೀದಿದಾರನಿಗೆ ಮೊದಲ ಪೆಟ್ಟು ಬಿದ್ದಿತು. ಅಂಥವರು ಕೋಲ್ ಇಂಡಿಯಾದ ವಾರ್ಷಿಕ ವರದಿಯಲ್ಲಿ ಉತ್ಪಾದನೆಯ ಅಂಕಿಯ ಬಳಿಯಲ್ಲೇ ಮುದ್ರಿತವಾಗುವ, ತೆಗೆದ ಮಣ್ಣಿನ ಅಂಕಿಯನ್ನೂ ಓದುವುದು ಲೇಸು. ಕಲ್ಲಿದ್ದಲು ಏರುತ್ತ, ಮಣ್ಣೆತ್ತುವ ಪ್ರಮಾಣ ಇಳಿಯುತ್ತಿದ್ದರೆ, ಅದಕ್ಕೆ ಕಾರಣವನ್ನು ವಿಚಾರಿಸಿ ಮಳೆಗೆ ಮುನ್ನವೇ ದಾಸ್ತಾನು ಹೆಚ್ಚಿಸಿಕೊಳ್ಳಬೇಕು.