ಪರದೇಶದಲ್ಲಿ ಓದುವ ಮಕ್ಕಳ ಆರೋಗ್ಯ ವಿಮೆ: ತಂದೆತಾಯಿಗಳು ತಿಳಿದಿರಬೇಕಾದ ವಿಷಯಗಳು

ಮಗು ಹುಟ್ಟಿದ ದಿನದಿಂದ ಅದರ ಆರೋಗ್ಯದ ಹೊಣೆಯನ್ನು ನೀವಿಬ್ಬರೂ ಹೊತ್ತು ಬಂದಿದ್ದೀರಿ. ಸಕಾಲದಲ್ಲಿ ಲಸಿಕೆ ಹಾಕಿಸಿದಿರಿ. ಜ್ವರ ಬಂದ ರಾತ್ರಿ ಎಚ್ಚರವಿದ್ದು, ಬೆಳಗಾಗುತ್ತಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎತ್ತಿಕೊಂಡು ಹೋದಿರಿ. ಆ ಮಗು ಬೆಳೆದು, ಚೆನ್ನಾಗಿ ಓದಿ, ಉನ್ನತ ವ್ಯಾಸಂಗಕ್ಕಾಗಿ ಅಮೆರಿಕದ ವಿಶ್ವವಿದ್ಯಾನಿಲಯವೊಂದಕ್ಕೆ ಹೊರಟು ನಿಂತಾಗ ಈ ಹೊಣೆ ಮುಗಿಯಿತೆಂದು ತಿಳಿಯಬಾರದು. ಅದರ ರೂಪ ಮಾತ್ರ ಬದಲಾಗುತ್ತದೆ.

ಇಂದು ನಮ್ಮ ಹಳ್ಳಿಗಳಿಂದಲೂ ಅನೇಕ ಯುವಕ ಯುವತಿಯರು ಪರದೇಶಗಳಿಗೆ ಓದಲು ಹೋಗುತ್ತಿದ್ದಾರೆ. ಅದಕ್ಕಾಗಿ ತಂದೆತಾಯಿಗಳು ಬ್ಯಾಂಕಿನಿಂದ ವಿದ್ಯಾಭ್ಯಾಸದ ಸಾಲ ಪಡೆಯುತ್ತಾರೆ. ಕೆಲವರು ಜಮೀನನ್ನು ಆಧಾರ ಮಾಡುತ್ತಾರೆ. ಹೀಗಿರುವಾಗ ವಿಶ್ವವಿದ್ಯಾನಿಲಯದ ಶುಲ್ಕದ ಪಟ್ಟಿಯಲ್ಲಿ ಬೋಧನಾ ಶುಲ್ಕದ ಕೆಳಗೆ ‘ಆರೋಗ್ಯ ವಿಮೆ’ ಎಂದು ಮತ್ತೊಂದು ದೊಡ್ಡ ಮೊತ್ತವನ್ನು ಕಂಡರೆ ಮನಸ್ಸಿಗೆ ಕಳವಳವಾಗುವುದು ಸಹಜ. “ನಮ್ಮ ಕುಟುಂಬಕ್ಕೆಲ್ಲ ಈಗಾಗಲೇ ವಿಮೆ ಇದೆಯಲ್ಲ, ಇದನ್ನು ಮತ್ತೆ ಏಕೆ ಕೊಡಬೇಕು?” ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಗೆ ಉತ್ತರವನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ವಿಮೆಯನ್ನು ಕಡ್ಡಾಯ ಮಾಡಿರುವುದೇಕೆ?

ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಗೆ ಯಾರು ಬೇಕಾದರೂ ಹೋಗಬಹುದು. ಅಮೆರಿಕದಲ್ಲಿ ಅಂತಹ ವ್ಯವಸ್ಥೆ ಎಲ್ಲರಿಗೂ ಇಲ್ಲ. ಅಲ್ಲಿನ ಸರ್ಕಾರದ ಮೆಡಿಕೇರ್ ಎಂಬ ಯೋಜನೆಯು ಮುಖ್ಯವಾಗಿ 65 ವರ್ಷ ತುಂಬಿದವರಿಗಾಗಿ ಇದೆ. ಮೆಡಿಕೇಡ್ ಎಂಬುದು ಕಡಿಮೆ ವರಮಾನದವರಿಗಾಗಿ ಇದೆ. ವಿದ್ಯಾರ್ಥಿ ವೀಸಾದ ಮೇಲೆ ಹೋದವರು ಸಾಮಾನ್ಯವಾಗಿ ಈ ಎರಡಕ್ಕೂ ಅರ್ಹರಲ್ಲ. 1986ರಲ್ಲಿ ಅಲ್ಲಿ ಜಾರಿಗೆ ಬಂದ ಕಾನೂನಿನಂತೆ ತುರ್ತು ಚಿಕಿತ್ಸಾ ವಿಭಾಗವುಳ್ಳ ಆಸ್ಪತ್ರೆಗಳು, ಹಣವಿಲ್ಲವೆಂಬ ಕಾರಣಕ್ಕೆ ತುರ್ತು ಸ್ಥಿತಿಯ ರೋಗಿಯನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಪರೀಕ್ಷಿಸಿ, ಅಪಾಯದಿಂದ ಪಾರು ಮಾಡಲೇಬೇಕು. ಆದರೆ ಚಿಕಿತ್ಸೆಯ ವೆಚ್ಚದ ಬಿಲ್ಲು ರೋಗಿಯ ಹೆಸರಿಗೇ ಬರುತ್ತದೆ. ವಿಮೆಯಿಲ್ಲದವನಿಗೆ ಒಂದು ಶಸ್ತ್ರಚಿಕಿತ್ಸೆಯ ವೆಚ್ಚವು ಇಡೀ ವರ್ಷದ ಓದಿನ ಖರ್ಚನ್ನು ನುಂಗಿಬಿಡಬಹುದು.

ಈ ಕಾರಣದಿಂದ ಅನೇಕ ವಿಶ್ವವಿದ್ಯಾನಿಲಯಗಳು ವಿಮೆಯಿಲ್ಲದವರನ್ನು ಸೇರಿಸಿಕೊಳ್ಳುವುದಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ವಿದ್ಯಾರ್ಥಿಗಳಿಗೆ ಆರೋಗ್ಯ ವಿಮೆಯನ್ನು 1989ರಿಂದ ಕಾನೂನೇ ಕಡ್ಡಾಯಗೊಳಿಸಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು ತನ್ನ ವಿದ್ಯಾರ್ಥಿಗಳಿಗೆ ಇದನ್ನು ಪ್ರವೇಶದ ಒಂದು ನಿಬಂಧನೆಯನ್ನಾಗಿ ಇಟ್ಟಿದೆ. ಜೆ-1 ಎಂಬ ವಿನಿಮಯ ವೀಸಾದ ಮೇಲೆ ಹೋಗುವವರಿಗೆ ಅಮೆರಿಕ ಸರ್ಕಾರವೇ ಮಿತಿಗಳನ್ನು ಗೊತ್ತುಪಡಿಸಿದೆ: ಒಂದು ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ 1,00,000 ಡಾಲರ್, ರೋಗಿಯನ್ನು ಚಿಕಿತ್ಸೆಗಾಗಿ ಸ್ವದೇಶಕ್ಕೆ ಸಾಗಿಸಲು 50,000 ಡಾಲರ್, ಮರಣ ಸಂಭವಿಸಿದಲ್ಲಿ ಶರೀರವನ್ನು ಕಳುಹಿಸಲು 25,000 ಡಾಲರ್ ರಕ್ಷಣೆ ಇರಬೇಕು. ಸಾಮಾನ್ಯ ವಿದ್ಯಾರ್ಥಿಗಳು ಪಡೆಯುವ ಎಫ್-1 ವೀಸಾಕ್ಕೆ ಇಂತಹ ಕೇಂದ್ರ ನಿಯಮವಿಲ್ಲ. ಅವರಿಗೆ ಆಯಾ ವಿಶ್ವವಿದ್ಯಾನಿಲಯದ ನಿಯಮವೇ ಅನ್ವಯಿಸುತ್ತದೆ.

ನಮ್ಮ ಕುಟುಂಬದ ವಿಮೆ ಅಲ್ಲಿ ಸಲ್ಲುವುದೇ?

‘ಕುಟುಂಬದ ವಿಮೆ’ ಎಂಬ ಮಾತಿಗೆ ಹಲವು ಅರ್ಥಗಳಿವೆ. ಒಂದೊಂದನ್ನೂ ಬೇರೆಬೇರೆಯಾಗಿ ವಿಚಾರ ಮಾಡಬೇಕು.

ಮೊದಲನೆಯದು, ಸರ್ಕಾರದ ಯೋಜನೆಗಳ ಕಾರ್ಡು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯು ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯನ್ನು ಒದಗಿಸುತ್ತದೆ. ಸಹಕಾರಿಗಳಿಗಾಗಿ ಇರುವ ಯಶಸ್ವಿನಿ ಯೋಜನೆಯೂ ಗ್ರಾಮೀಣರಿಗೆ ಪರಿಚಿತವೇ ಆಗಿದೆ. ಇವು ಈ ಯೋಜನೆಗಳಿಗೆ ಸೇರಿದ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಮಾತ್ರ ಸಲ್ಲುತ್ತವೆ. ಪರದೇಶದ ಆಸ್ಪತ್ರೆಯಲ್ಲಿ ಸಲ್ಲುವುದಿಲ್ಲ. ಆದರೂ ಮಗನ ಅಥವಾ ಮಗಳ ಹೆಸರನ್ನು ಕಾರ್ಡಿನಿಂದ ತೆಗೆಸುವ ಅವಸರ ಬೇಡ. ರಜೆಗೆ ಊರಿಗೆ ಬಂದಾಗ ಅದರ ಅವಶ್ಯಕತೆ ಬೀಳಬಹುದು.

ಎರಡನೆಯದು, ಖಾಸಗಿ ಕಂಪನಿಯಿಂದ ಕೊಂಡ ಕುಟುಂಬ ವಿಮೆ. ಇದೂ ಸಾಮಾನ್ಯವಾಗಿ ಭಾರತದೊಳಗಿನ ಚಿಕಿತ್ಸೆಗೆ ಮಾತ್ರ ಮೀಸಲು. ಪ್ರಯಾಣದ ವಿಮೆಯೆಂದು ಕಡಿಮೆ ದರಕ್ಕೆ ಮಾರುವ ಪಾಲಿಸಿಗಳು ಪರದೇಶಕ್ಕೆ ಅನ್ವಯಿಸುತ್ತವಾದರೂ, ಮೊದಲಿನಿಂದಲೇ ಇರುವ ಕಾಯಿಲೆ, ಗರ್ಭಧಾರಣೆ, ಮಾನಸಿಕ ಅಸ್ವಸ್ಥತೆ ಮುಂತಾದವನ್ನು ಅವುಗಳಲ್ಲಿ ಅನೇಕವು ಹೊರಗಿಟ್ಟಿರುತ್ತವೆ. ಆದುದರಿಂದ ಹಲವು ವಿಶ್ವವಿದ್ಯಾನಿಲಯಗಳು ಇವನ್ನು ಒಪ್ಪುವುದಿಲ್ಲ.

ಮೂರನೆಯದು, ಅಮೆರಿಕದಲ್ಲಿರುವ ಬಂಧುಗಳ ವಿಮೆ. “ಚಿಕ್ಕಪ್ಪನ ಕಂಪನಿಯ ವಿಮೆಯಲ್ಲಿ ನಮ್ಮ ಹುಡುಗನನ್ನೂ ಸೇರಿಸಬಹುದಲ್ಲ?” ಎಂದು ಕೆಲವರು ಕೇಳುತ್ತಾರೆ. ಉದ್ಯೋಗದಾತರು ಕೊಡುವ ವಿಮೆಗೆ ಸಾಮಾನ್ಯವಾಗಿ ನೌಕರನ ಪತಿ ಅಥವಾ ಪತ್ನಿ ಹಾಗೂ ಮಕ್ಕಳು ಮಾತ್ರ ಸೇರಬಹುದು. ಅಣ್ಣನ ಮಗ, ತಂಗಿಯ ಮಗಳು ಸೇರುವಂತಿಲ್ಲ. ಸುಳ್ಳು ಸಂಬಂಧ ಹೇಳಿ ಸೇರಿಸುವುದು ಅಪರಾಧವಾಗುತ್ತದೆ.

ನಾಲ್ಕನೆಯದು, ಅಲ್ಲಿಯೇ ಉದ್ಯೋಗದಲ್ಲಿರುವ ತಂದೆ, ತಾಯಿ, ಪತಿ ಅಥವಾ ಪತ್ನಿಯ ವಿಮೆ. ಇದು ನಿಜವಾಗಿ ಸಲ್ಲುವ ಕುಟುಂಬ ವಿಮೆ. 2010ರ ಅಮೆರಿಕದ ಆರೋಗ್ಯ ಕಾಯಿದೆಯಂತೆ, ಮಕ್ಕಳನ್ನು ಸೇರಿಸಿಕೊಳ್ಳುವ ವಿಮೆಗಳು ಅವರಿಗೆ 26 ವರ್ಷ ತುಂಬುವವರೆಗೂ ರಕ್ಷಣೆ ಕೊಡಬೇಕು. ಮಕ್ಕಳು ಬೇರೆ ಊರಿನಲ್ಲಿದ್ದರೂ, ವಿವಾಹವಾಗಿದ್ದರೂ ಈ ಹಕ್ಕು ತಪ್ಪುವುದಿಲ್ಲ. ನಿಮ್ಮ ಮಗಳು ಅಲ್ಲಿ ನೌಕರಿಯಲ್ಲಿರುವ ಪತಿಯೊಡನೆ ಇದ್ದುಕೊಂಡು ಓದುವುದಾದರೆ ಪತಿಯ ವಿಮೆಯಲ್ಲಿ ಅವಳ ಹೆಸರು ಸೇರಬಹುದು.

ಇಲ್ಲಿಯೂ ಒಂದು ತೊಡಕುಂಟು. ಅಲ್ಲಿನ ಅನೇಕ ವಿಮೆಗಳು ತಮ್ಮೊಡನೆ ಒಪ್ಪಂದ ಮಾಡಿಕೊಂಡ ವೈದ್ಯರು ಮತ್ತು ಆಸ್ಪತ್ರೆಗಳ ವೆಚ್ಚವನ್ನು ಮಾತ್ರ ಪೂರ್ಣವಾಗಿ ಒಪ್ಪುತ್ತವೆ. ಕುಟುಂಬವು ಒಂದು ರಾಜ್ಯದಲ್ಲಿದ್ದು ವಿದ್ಯಾರ್ಥಿಯು ಇನ್ನೊಂದು ರಾಜ್ಯದಲ್ಲಿ ಓದುತ್ತಿದ್ದರೆ, ತುರ್ತು ಚಿಕಿತ್ಸೆಯೊಂದನ್ನು ಬಿಟ್ಟು ಮಿಕ್ಕ ಚಿಕಿತ್ಸೆಗೆ ಆ ವಿಮೆಯಿಂದ ಏನೂ ದೊರೆಯದೆ ಹೋಗಬಹುದು. ವಿಶ್ವವಿದ್ಯಾನಿಲಯವಿರುವ ಊರಿನಲ್ಲಿ ಒಪ್ಪಂದದ ವೈದ್ಯರು ಇರುವರೇ ಎಂದು ಮೊದಲು ವಿಚಾರಿಸಬೇಕು.

ವಿನಾಯಿತಿಯನ್ನು ಪಡೆಯುವ ಕ್ರಮ

ಸಮಾನವಾದ ಬೇರೆ ವಿಮೆಯಿದ್ದವರಿಗೆ ಅನೇಕ ವಿಶ್ವವಿದ್ಯಾನಿಲಯಗಳು ತಮ್ಮ ವಿಮೆಯಿಂದ ವಿನಾಯಿತಿ ಕೊಡುತ್ತವೆ. ಆದರೆ ಕೇಳದೆ ಕೊಡುವುದಿಲ್ಲ. ವಿಮೆಯ ಹಣವನ್ನು ವಿದ್ಯಾರ್ಥಿಯ ಲೆಕ್ಕಕ್ಕೆ ತಾನಾಗಿಯೇ ಸೇರಿಸಿರುತ್ತಾರೆ. ವಿನಾಯಿತಿ ಮಂಜೂರಾದ ಮೇಲೆ ತೆಗೆಯುತ್ತಾರೆ. ಅದರ ಕ್ರಮ ಹೀಗಿದೆ:

1. ಪ್ರವೇಶಪತ್ರ ಬಂದೊಡನೆ ವಿಶ್ವವಿದ್ಯಾನಿಲಯದ ವಿಮಾ ನಿಯಮಗಳನ್ನು ಪೂರ್ತಿಯಾಗಿ ಓದಬೇಕು. ಪರದೇಶದ ವಿದ್ಯಾರ್ಥಿಗಳಿಗೆ ವಿನಾಯಿತಿಯನ್ನೇ ಕೊಡದಿರುವ ಸಂಸ್ಥೆಗಳೂ ಇವೆ. ಅಂತಹ ಕಡೆ ಬೇರೆ ವಿಮೆಯನ್ನು ಕೊಂಡರೆ ಎರಡು ಸಲ ಹಣ ತೆತ್ತಂತಾಗುವುದು.

2. ನಿಯಮದ ಒಂದೊಂದು ಅಂಶವನ್ನೂ ನಿಮ್ಮ ಪಾಲಿಸಿಯೊಡನೆ ಹೋಲಿಸಬೇಕು: ರಕ್ಷಣೆಯ ಮಿತಿ, ಹಳೆಯ ಕಾಯಿಲೆ, ಹೆರಿಗೆ, ಮಾನಸಿಕ ಚಿಕಿತ್ಸೆ, ಇಡೀ ಶೈಕ್ಷಣಿಕ ವರ್ಷದ ಅವಧಿ. ಒಂದು ಅಂಶ ಕೊರೆಯಾದರೂ ಅರ್ಜಿ ತಿರಸ್ಕೃತವಾಗಬಹುದು.

3. ವಿಮೆಯ ಕಾರ್ಡು, ಪಾಲಿಸಿಯ ಸಂಖ್ಯೆ, ಸೌಲಭ್ಯಗಳ ವಿವರ ಮತ್ತು ವಿದ್ಯಾರ್ಥಿಯ ಹೆಸರು ಅದರಲ್ಲಿ ಸೇರಿದೆ ಎಂಬ ವಿಮಾ ಸಂಸ್ಥೆಯ ಪತ್ರವನ್ನು ಇಂಗ್ಲಿಷಿನಲ್ಲಿ ಸಿದ್ಧಪಡಿಸಿಕೊಳ್ಳಬೇಕು. ಪಾಸ್‌ಪೋರ್ಟಿನಲ್ಲಿರುವ ಹೆಸರಿಗೂ ವಿಮೆಯಲ್ಲಿರುವ ಹೆಸರಿಗೂ ವ್ಯತ್ಯಾಸವಿರಕೂಡದು.

4. ಗೊತ್ತುಪಡಿಸಿದ ಕೊನೆಯ ದಿನಾಂಕಕ್ಕೆ ಮುಂಚೆಯೇ ಅರ್ಜಿ ಸಲ್ಲಿಸಬೇಕು. ದಿನಾಂಕ ಮೀರಿದರೆ ಎಷ್ಟು ಒಳ್ಳೆಯ ವಿಮೆಯಿದ್ದರೂ ಹಣ ತೆರಬೇಕಾಗಬಹುದು.

5. ಮಂಜೂರಾದ ಪತ್ರವನ್ನು ಜೋಪಾನವಾಗಿಡಬೇಕು. ಅರ್ಜಿ ತಿರಸ್ಕೃತವಾದರೆ ಕಾರಣ ಕೇಳಿ, ಮೇಲ್ಮನವಿಗೆ ಅವಕಾಶವಿದ್ದಲ್ಲಿ ಅದನ್ನು ಉಪಯೋಗಿಸಿಕೊಳ್ಳಬೇಕು.

6. ವಿನಾಯಿತಿಯನ್ನು ಸಾಮಾನ್ಯವಾಗಿ ಪ್ರತಿ ವರ್ಷವೂ ಹೊಸದಾಗಿ ಕೇಳಬೇಕು. ಕಳೆದ ವರ್ಷದ ಮಂಜೂರಾತಿಯನ್ನು ನಂಬಿ ಸುಮ್ಮನಿರಬಾರದು.

ಶುಲ್ಕದ ಪಟ್ಟಿಯಲ್ಲಿ ‘ಆರೋಗ್ಯ ಶುಲ್ಕ’ ಎಂದು ಮತ್ತೊಂದು ಬಾಬು ಇರಬಹುದು. ಅದು ವಿಮೆಯಲ್ಲ; ವಿಶ್ವವಿದ್ಯಾನಿಲಯದ ಆವರಣದಲ್ಲಿರುವ ಚಿಕಿತ್ಸಾಲಯಕ್ಕಾಗಿ ಪಡೆಯುವ ಶುಲ್ಕ. ವಿಮೆಗೆ ವಿನಾಯಿತಿ ದೊರೆತರೂ ಈ ಶುಲ್ಕವನ್ನು ಸಾಮಾನ್ಯವಾಗಿ ಕೊಡಲೇಬೇಕಾಗುತ್ತದೆ.

ಅಗ್ಗದ ವಿಮೆ ನಿಜವಾಗಿ ಅಗ್ಗವೇ?

ಒಂದು ಊಹೆಯ ಉದಾಹರಣೆಯನ್ನು ನೋಡಿ. ಒಬ್ಬ ರೈತ ದಂಪತಿಗಳ ಮಗನಿಗೆ ಎರಡು ವಿಮೆಗಳ ನಡುವೆ ಆಯ್ಕೆ ಇದೆ. ವಿಶ್ವವಿದ್ಯಾನಿಲಯದ ವಿಮೆಗೆ ವರ್ಷಕ್ಕೆ 3,000 ಡಾಲರ್. ಹೊರಗಿನ ವಿಮೆಗೆ 900 ಡಾಲರ್. ಮೇಲ್ನೋಟಕ್ಕೆ 2,100 ಡಾಲರ್ ಉಳಿತಾಯವಾಯಿತೆಂದು ತೋರುತ್ತದೆ.

ಆ ವರ್ಷ ಮಗನಿಗೆ ಅಪೆಂಡಿಕ್ಸಿನ ಶಸ್ತ್ರಚಿಕಿತ್ಸೆಯಾಗಿ 30,000 ಡಾಲರ್ ಬಿಲ್ಲು ಬಂದಿತೆನ್ನೋಣ. ವಿಶ್ವವಿದ್ಯಾನಿಲಯದ ವಿಮೆಯಲ್ಲಿ ಮೊದಲ 500 ಡಾಲರನ್ನು ರೋಗಿಯೇ ಕೊಡಬೇಕು; ಇದನ್ನು ಅಲ್ಲಿ ಡಿಡಕ್ಟಿಬಲ್ ಎನ್ನುತ್ತಾರೆ. ಉಳಿದ 29,500 ಡಾಲರಿನಲ್ಲಿ ನೂರಕ್ಕೆ 10ರಂತೆ 2,950 ಡಾಲರ್ ಅವನ ಪಾಲು. ಒಟ್ಟು 3,450 ಡಾಲರ್. ಹೊರಗಿನ ವಿಮೆಯು ಒಂದು ಕಾಯಿಲೆಗೆ 10,000 ಡಾಲರಿಗಿಂತ ಹೆಚ್ಚು ಕೊಡುವುದಿಲ್ಲ. ಆಗ ಅವನ ಪಾಲಿಗೆ 20,000 ಡಾಲರ್ ಉಳಿಯುತ್ತದೆ. ವಿಮೆಯ ಕಂತನ್ನೂ ಸೇರಿಸಿದರೆ ಮೊದಲನೆಯದರಲ್ಲಿ ಒಟ್ಟು ವೆಚ್ಚ 6,450 ಡಾಲರ್. ಎರಡನೆಯದರಲ್ಲಿ 20,900 ಡಾಲರ್. ಆರೋಗ್ಯವಾಗಿದ್ದ ವರ್ಷ ಉಳಿದ ಹಣವು ಕಾಯಿಲೆ ಬಿದ್ದ ಒಂದೇ ವಾರದಲ್ಲಿ ಹಲವು ಪಟ್ಟು ಹೋಗಿಬಿಡಬಹುದು. ಆದುದರಿಂದ ಕಂತನ್ನು ಮಾತ್ರ ನೋಡದೆ, ಮಿತಿಯನ್ನೂ ರೋಗಿಯ ಪಾಲನ್ನೂ ನೋಡಿ ತೀರ್ಮಾನಿಸಬೇಕು. ವಿಶ್ವವಿದ್ಯಾನಿಲಯದಲ್ಲಿ ಬೋಧನೆ ಅಥವಾ ಸಂಶೋಧನೆಯ ಸಹಾಯಕರಾಗಿ ನೇಮಕವಾದವರ ಕಂತನ್ನು ಅನೇಕ ಕಡೆ ಸಂಸ್ಥೆಯೇ ಪೂರ್ತಿಯಾಗಿ ಅಥವಾ ಭಾಗಶಃ ಭರಿಸುತ್ತದೆ. ಇದನ್ನೂ ಕೇಳಿ ತಿಳಿಯಬೇಕು.

ದಂಪತಿಗಳಾಗಿ ಹೋಗುವವರಿಗೆ

ವಿವಾಹವಾದ ಮಗನೊಡನೆ ಸೊಸೆಯೂ ಹೊರಡುವುದಾದರೆ, ವಿದ್ಯಾರ್ಥಿಯ ವಿಮೆಯು ಅವಳಿಗೆ ತಾನಾಗಿ ಅನ್ವಯಿಸುವುದಿಲ್ಲ. ಅವಳಿಗಾಗಿ ಬೇರೆ ಕಂತು ಕಟ್ಟಬೇಕು. ಕೆಲವು ವಿಶ್ವವಿದ್ಯಾನಿಲಯಗಳ ವಿಮೆಯಲ್ಲಿ ಕುಟುಂಬದವರನ್ನು ಸೇರಿಸಲು ಅವಕಾಶವೇ ಇಲ್ಲ. ಜೆ-1 ವೀಸಾದವರ ಪತ್ನಿ ಮತ್ತು ಮಕ್ಕಳಿಗೂ ವಿಮೆ ಇರಲೇಬೇಕೆಂಬುದು ನಿಯಮ.

2010ರ ಕಾಯಿದೆಗೆ ಒಳಪಟ್ಟ ವಿದ್ಯಾರ್ಥಿ ವಿಮೆಗಳಲ್ಲಿ ಗರ್ಭಿಣಿಯ ತಪಾಸಣೆ ಮತ್ತು ಹೆರಿಗೆಯ ವೆಚ್ಚ ಸೇರಿರುತ್ತದೆ. ಧಾರ್ಮಿಕ ಕಾರಣದಿಂದ ರಿಯಾಯಿತಿ ಪಡೆದ ಸಂಸ್ಥೆಗಳನ್ನುಳಿದು, ಮಹಿಳೆಯರು ಬಳಸುವ ಗರ್ಭನಿರೋಧಕ ಸಾಧನಗಳೂ ವೈದ್ಯರ ಚೀಟಿಯ ಮೇಲೆ, ರೋಗಿಯ ಪಾಲಿಲ್ಲದೆ ದೊರೆಯುತ್ತವೆ. ಓದು ಮುಗಿಯುವವರೆಗೆ ಮಗು ಬೇಡವೆಂದು ಬಯಸುವ ದಂಪತಿಗಳು ಈ ಸೌಲಭ್ಯವನ್ನು ಸಂಕೋಚವಿಲ್ಲದೆ ಉಪಯೋಗಿಸಿಕೊಳ್ಳಬಹುದು. ಮಗು ಹುಟ್ಟಿದರೆ ಅದರ ಹೆಸರನ್ನು ವಿಮೆಗೆ ಸೇರಿಸಲು ತಡಮಾಡಬಾರದು. ಉದ್ಯೋಗದಾತರ ವಿಮೆಯಲ್ಲಿ ವಿವಾಹ, ಜನನ ಅಥವಾ ಬೇರೆ ವಿಮೆ ತಪ್ಪಿಹೋದ ದಿನದಿಂದ ಕನಿಷ್ಠ 30 ದಿನಗಳ ಅವಕಾಶವನ್ನು ಕಾನೂನು ಕೊಡುತ್ತದೆ. ಆ ಅವಧಿ ಕಳೆದರೆ ಮುಂದಿನ ವಾರ್ಷಿಕ ಅವಕಾಶದವರೆಗೆ ಕಾಯಬೇಕಾಗಬಹುದು.

26 ವರ್ಷ ತುಂಬಿದಾಗ, ಅಥವಾ ಪತಿಯ ನೌಕರಿ ಹೋದಾಗ ಕುಟುಂಬದ ವಿಮೆ ನಡುವರ್ಷದಲ್ಲಿ ನಿಂತುಹೋಗಬಹುದು. ಅಂತಹ ಸಂದರ್ಭದಲ್ಲಿ ಕೂಡಲೇ ವಿಶ್ವವಿದ್ಯಾನಿಲಯದ ವಿಮಾ ಕಛೇರಿಗೆ ತಿಳಿಸಿ, ಅದರ ವಿಮೆಗೆ ಸೇರಿಕೊಳ್ಳಬೇಕು. ಒಂದು ದಿನವೂ ವಿಮೆಯಿಲ್ಲದೆ ಇರುವುದು ಕ್ಷೇಮವಲ್ಲ.

ಹೊರಡುವ ಮುನ್ನ

ಲಸಿಕೆಗಳ ದಾಖಲೆಯನ್ನು ವೈದ್ಯರಿಂದ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ದಡಾರ, ಮಂಗನಬಾವು ಮತ್ತು ರುಬೆಲ್ಲಾ ಲಸಿಕೆಯ ಎರಡು ವರಸೆಗಳನ್ನು ಅನೇಕ ವಿಶ್ವವಿದ್ಯಾನಿಲಯಗಳು ಕೇಳುತ್ತವೆ. ಹಲ್ಲು ಮತ್ತು ಕಣ್ಣಿನ ಪರೀಕ್ಷೆಯನ್ನು ಊರಿನಲ್ಲಿಯೇ ಮುಗಿಸಿ; ಆರೋಗ್ಯ ವಿಮೆಯಲ್ಲಿ ಇವು ಬಹುಮಟ್ಟಿಗೆ ಸೇರಿರುವುದಿಲ್ಲ. ವಿಮೆ ಯಾವ ದಿನದಿಂದ ಆರಂಭವಾಗುವುದೆಂದು ನೋಡಿ, ವಿಮಾನ ಇಳಿಯುವ ದಿನಕ್ಕೂ ಅದಕ್ಕೂ ಅಂತರವಿದ್ದರೆ ಆ ದಿನಗಳಿಗೆ ಮಾತ್ರ ಪ್ರಯಾಣದ ವಿಮೆ ಮಾಡಿಸಿ. ಸಣ್ಣ ಕಾಯಿಲೆಗೆ ಆವರಣದ ಚಿಕಿತ್ಸಾಲಯಕ್ಕೆ ಹೋಗಬೇಕೆಂದೂ, ಪ್ರಾಣಾಪಾಯದ ಸಂದರ್ಭದಲ್ಲಿ ಹಣದ ಚಿಂತೆ ಮಾಡದೆ 911ಕ್ಕೆ ಕರೆ ಮಾಡಬೇಕೆಂದೂ ಮಕ್ಕಳಿಗೆ ಹೇಳಿ ಕಳುಹಿಸಿ. ಖರ್ಚಿಗೆ ಹೆದರಿ ಕಾಯಿಲೆಯನ್ನು ಮುಚ್ಚಿಡುವ ಮಕ್ಕಳಿದ್ದಾರೆ. “ಹಣ ಹೋದರೆ ದುಡಿಯಬಹುದು, ನೀನು ಚೆನ್ನಾಗಿರು” ಎಂದು ನೀವೇ ಬಾಯಿಬಿಟ್ಟು ಹೇಳುವುದು ಅವಶ್ಯಕ.

ನೆನಪಿಡಿ

• ನಮ್ಮ ದೇಶದ ಆರೋಗ್ಯ ಕಾರ್ಡು ಅಮೆರಿಕದಲ್ಲಿ ಸಲ್ಲುವುದಿಲ್ಲ.
• ನಿಯಮವನ್ನು ಓದುವ ಮೊದಲು ಯಾವ ವಿಮೆಯನ್ನೂ ಕೊಳ್ಳಬಾರದು.
• ವಿನಾಯಿತಿಗೆ ಅರ್ಜಿಯೂ ಕೊನೆಯ ದಿನಾಂಕವೂ ಉಂಟು. ಅದನ್ನು ಪ್ರತಿ ವರ್ಷ ಕೇಳಬೇಕು.
• ಕುಟುಂಬದ ವಿಮೆ ನಿಂತರೆ ಕೂಡಲೇ ಬೇರೆ ವಿಮೆಗೆ ಸೇರಬೇಕು.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಮನೆಯಲ್ಲಿರುವ ಆರೋಗ್ಯ ಕಾರ್ಡಿನಲ್ಲಿ ಯಾರ ಯಾರ ಹೆಸರು ಸೇರಿದೆ? ಅದು ಎಲ್ಲೆಲ್ಲಿ ಸಲ್ಲುತ್ತದೆ?
2. ಕಂತು ಕಡಿಮೆಯಿರುವ ವಿಮೆಯಿಂದ ನಷ್ಟವಾಗುವುದು ಹೇಗೆ?
3. ಆರೋಗ್ಯ ಶುಲ್ಕಕ್ಕೂ ಆರೋಗ್ಯ ವಿಮೆಗೂ ಇರುವ ವ್ಯತ್ಯಾಸವೇನು?

ಈ ಪ್ರಶ್ನೆಗಳನ್ನು ದಂಪತಿಗಳಿಬ್ಬರೂ ಕೂಡಿ ಕುಳಿತು, ಓದಲು ಹೊರಟ ಮಗನೊಡನೆ ಅಥವಾ ಮಗಳೊಡನೆ ಚರ್ಚಿಸಿರಿ. ಮನೆಯವರೆಲ್ಲ ಕೂಡಿ ಯೋಚಿಸಿ ಮಾಡಿದ ಸಿದ್ಧತೆಯು ದೂರದೇಶದಲ್ಲಿಯೂ ಮಕ್ಕಳನ್ನು ಕಾಯುತ್ತದೆ.