ಕಳೆದುಹೋದ ಪೊಟ್ಟಣಗಳನ್ನು ಹುಡುಕುವ ಬಗೆ

ಭೌತವಿಜ್ಞಾನದ ಪಾಠದಲ್ಲಿ ‘ಋಣ’ ಎಂಬ ಎರಡಕ್ಷರ ಕೇಳಿಸದೆ ಹೋದರೆ ಏನಾದೀತು? ಉತ್ತರದ ಚಿಹ್ನೆಯೇ ಬದಲಾದೀತು. ಪರೀಕ್ಷೆ ಹತ್ತಿರವಾಗಿದ್ದ ದಿನಗಳಲ್ಲಿ ಈ ಲೇಖಕನು ಸಂಜೆಯ ಹೊತ್ತು ಮನೆಯಿಂದಲೇ ಅಂತರ್ಜಾಲದ ಮೂಲಕ ಪಾಠ ಹೇಳುತ್ತಿದ್ದಾಗ ನಡೆದದ್ದು ಇದೇ. ಹಲವು ಮಂದಿ ವಿದ್ಯಾರ್ಥಿಗಳು ಒಂದೇ ತಪ್ಪನ್ನು ಬರೆದು ಕಳುಹಿಸಿದರು. ತಪ್ಪು ಅವರದಲ್ಲ, ಮಾತು ನಡುದಾರಿಯಲ್ಲಿ ತುಂಡಾಗಿತ್ತು. ಸೇವೆಯನ್ನು ಒದಗಿಸುವ ಸಂಸ್ಥೆಗೆ ದೂರು ಕೊಟ್ಟುದಕ್ಕೆ, “ನಮ್ಮ ಕಡೆ ಎಲ್ಲವೂ ಸರಿಯಾಗಿದೆ, ನಿಮ್ಮ ಮನೆಯ ವೈಫೈ ನೋಡಿಕೊಳ್ಳಿ” ಎಂಬ ಉತ್ತರ ಬಂದಿತು. ಲೇಖಕನಿಗಾದರೋ ದೋಷವೆಲ್ಲ ಅವರದೇ ಎಂಬ ನಂಬಿಕೆ. ಇಂಥ ವಿವಾದವನ್ನು ಮಾತಿನಿಂದ ಬಗೆಹರಿಸಲಾಗದು, ಅಳತೆಯಿಂದ ಬಗೆಹರಿಸಬಹುದು. ಆ ಅಳತೆಯ ಕ್ರಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಪೊಟ್ಟಣ ಎಂದರೇನು?

ಅಂತರ್ಜಾಲದಲ್ಲಿ ಮಾತಾಗಲಿ ಚಿತ್ರವಾಗಲಿ ಅಖಂಡವಾಗಿ ಹರಿಯುವುದಿಲ್ಲ. ಅದನ್ನು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಕತ್ತರಿಸಿ, ಪ್ರತಿಯೊಂದರ ಮೇಲೂ ವಿಳಾಸ ಬರೆದು ಕಳುಹಿಸಲಾಗುತ್ತದೆ. ಈ ವಿಧಾನವನ್ನು 1960ರ ದಶಕದಲ್ಲಿ ಅಮೆರಿಕದ ಪಾಲ್ ಬ್ಯಾರನ್ ಮತ್ತು ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಬೇರೆ ಬೇರೆಯಾಗಿಯೇ ರೂಪಿಸಿದರು. ‘ಪ್ಯಾಕೆಟ್’ ಎಂಬ ಹೆಸರು ಡೇವಿಸರದು. ಇಂದು ಸಾಮಾನ್ಯವಾಗಿ ಒಂದು ಪೊಟ್ಟಣದ ಗರಿಷ್ಠ ಗಾತ್ರ 1500 ಬೈಟ್. ದಾರಿಯ ಪ್ರತಿಯೊಂದು ಕವಲಿನಲ್ಲಿಯೂ ರೌಟರ್ ಎಂಬ ಯಂತ್ರವಿದ್ದು, ಬಂದ ಪೊಟ್ಟಣದ ವಿಳಾಸವನ್ನು ಓದಿ ಮುಂದಕ್ಕೆ ಸಾಗಿಸುತ್ತದೆ.

ಪೊಟ್ಟಣ ಕಳೆದುಹೋಗುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳುಂಟು. ಮೊದಲನೆಯದು ದಟ್ಟಣೆ. ಹೊರಹೋಗುವ ದಾರಿಗಿಂತ ಹೆಚ್ಚು ಪೊಟ್ಟಣಗಳು ಬಂದರೆ ಅವು ರೌಟರಿನಲ್ಲಿ ಸಾಲಾಗಿ ಕಾಯುತ್ತವೆ. ಸಾಲಿಗೆ ಮೀಸಲಾದ ಸ್ಥಳ ತುಂಬಿದ ಮೇಲೆ ಬಂದವನ್ನು ಯಂತ್ರವು ಕೈಬಿಡುತ್ತದೆ. ಎರಡನೆಯದು ಸಂಕೇತದ ವಿಕಾರ. ತಂತಿ, ಗಾಜಿನ ಎಳೆ ಅಥವಾ ರೇಡಿಯೋ ಅಲೆಯಲ್ಲಿ ಸಂಕೇತ ಕೆಟ್ಟರೆ, ಪೊಟ್ಟಣದೊಡನೆ ಬಂದ ತಾಳೆಸಂಖ್ಯೆ ಹೊಂದದೆ, ಪಡೆದ ಯಂತ್ರವು ಅದನ್ನು ತ್ಯಜಿಸುತ್ತದೆ.

ಕಡತವೊಂದನ್ನು ತರಿಸಿಕೊಳ್ಳುವಾಗ ಕಳೆದುಹೋದ ಪೊಟ್ಟಣವನ್ನು ಮತ್ತೆ ಕಳುಹಿಸಲಾಗುತ್ತದೆ. ಆದುದರಿಂದ ನಷ್ಟ ನಮ್ಮ ಕಣ್ಣಿಗೆ ಬೀಳದು. ನೇರ ಸಂಭಾಷಣೆಯಲ್ಲಿ ಹಾಗಲ್ಲ. ತಡವಾಗಿ ಬಂದ ಮಾತು ಬಾರದ ಮಾತಿಗೆ ಸಮ. ವೇಗಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದ ಸಂಪರ್ಕದಲ್ಲಿಯೂ ಮಾತು ಮುರಿಯಬಲ್ಲದು ಎಂಬುದರ ಮರ್ಮವಿದು.

ಪಿಂಗ್ ಮತ್ತು ಸಂಭವನೀಯತೆ

ನಷ್ಟವನ್ನು ಅಳೆಯುವ ಸರಳ ಸಾಧನಕ್ಕೆ ‘ಪಿಂಗ್’ ಎಂದು ಹೆಸರು. ಅಮೆರಿಕದ ಮೈಕ್ ಮೂಸ್ ಎಂಬಾತನು 1983ರ ಡಿಸೆಂಬರಿನಲ್ಲಿ ಇದನ್ನು ರಚಿಸಿದನು. ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸೋನಾರ್ ಯಂತ್ರದ ಧ್ವನಿಯಿಂದ ಈ ಹೆಸರು ಬಂದಿತು. ದೂರದ ಯಂತ್ರಕ್ಕೆ ಒಂದು ಚಿಕ್ಕ ಪೊಟ್ಟಣವನ್ನು ಕಳುಹಿಸುವುದು; ಅದರ ಪ್ರತಿಧ್ವನಿ ಎಷ್ಟು ಹೊತ್ತಿಗೆ ಮರಳಿತು, ಮರಳಿತೋ ಇಲ್ಲವೋ ಎಂಬುದನ್ನು ಬರೆದುಕೊಳ್ಳುವುದು. ಹೋಗುವ ದಾರಿ, ಬರುವ ದಾರಿ ಎರಡರ ನಷ್ಟವೂ ಇದರಲ್ಲಿ ಒಟ್ಟಾಗಿ ಕಾಣುತ್ತದೆ.

ಲೇಖಕನ ಮನೆಗೆ ಬಂದ ತಂತ್ರಜ್ಞನು ತನ್ನ ಕಂಪ್ಯೂಟರಿನಲ್ಲಿ ಈ ಪರೀಕ್ಷೆಯನ್ನೇ ಮಾಡಿದನು. ನಾಲ್ಕು ಪೊಟ್ಟಣಗಳು ಹೋದವು, ನಾಲ್ಕೂ ಮರಳಿದವು. “ನಷ್ಟ ಸೊನ್ನೆ” ಎಂದನು. ವಿಂಡೋಸ್ ವ್ಯವಸ್ಥೆಯಲ್ಲಿ ನಾವು ಬೇರೆ ಸಂಖ್ಯೆ ಸೂಚಿಸದಿದ್ದರೆ ಪಿಂಗ್ ನಾಲ್ಕನ್ನೇ ಕಳುಹಿಸುತ್ತದೆ. ಆದರೆ ನಾಲ್ಕು ಪೊಟ್ಟಣಗಳಿಂದ ತಿಳಿಯುವುದೆಷ್ಟು? ನೂರಕ್ಕೆ 2ರಂತೆ ನಷ್ಟವಿದೆಯೆಂದು ಇಟ್ಟುಕೊಳ್ಳೋಣ. ಒಂದು ಪೊಟ್ಟಣ ಕ್ಷೇಮವಾಗಿ ಮರಳುವ ಸಂಭವನೀಯತೆ 0.98. ನಾಲ್ಕೂ ಮರಳುವ ಸಂಭವನೀಯತೆ 0.98ರ ನಾಲ್ಕನೆಯ ಘಾತ, ಎಂದರೆ ಸುಮಾರು 0.92. ದೋಷವು ಇದ್ದೂ ಕಾಣದಿರುವ ಸಂದರ್ಭಗಳೇ ನೂರರಲ್ಲಿ ತೊಂಬತ್ತೆರಡು! ಐವತ್ತು ಪೊಟ್ಟಣ ಕಳುಹಿಸಿದರೂ ಒಂದೂ ಕಳೆಯದಿರುವ ಸಂಭವನೀಯತೆ 0.36. ಐನೂರು ಕಳುಹಿಸಿದರೆ ಮಾತ್ರ ಅದು ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆಯಾಗುತ್ತದೆ. ತಂತ್ರಜ್ಞನು ಸುಳ್ಳಾಡಲಿಲ್ಲ, ಅವನ ಪ್ರಯೋಗ ಚಿಕ್ಕದಾಗಿತ್ತು, ಅಷ್ಟೆ.

ಮನೆಯಿಂದಲೇ ಆರಂಭ

ಇನ್ನು ನಷ್ಟದ ಸ್ಥಾನವನ್ನು ಹುಡುಕಬೇಕು. ಸರಣಿ ಮಂಡಲದಲ್ಲಿ ಸಂಪರ್ಕ ಕಡಿದಿದ್ದರೆ ನಾವು ಒಂದು ತುದಿಯಿಂದ ಹೊರಟು ತುಂಡು ತುಂಡಾಗಿ ಪರೀಕ್ಷಿಸುತ್ತೇವೆ. ಇಲ್ಲಿಯೂ ಅದೇ ನಿಯಮ. ಒಂದು ಬಾರಿಗೆ ಒಂದನ್ನೇ ಬದಲಿಸಬೇಕು. ಪರೀಕ್ಷೆಯ ಹೊತ್ತಿನಲ್ಲಿ ಮನೆಯ ಬೇರಾರೂ ಸಂಪರ್ಕವನ್ನು ಬಳಸುತ್ತಿರಬಾರದು. ಇಲ್ಲವಾದರೆ ನಮ್ಮ ಮನೆಯದೇ ದಟ್ಟಣೆ ಪರರ ದೋಷವಾಗಿ ಕಾಣುತ್ತದೆ.

ಮೊದಲ ಹಂತದಲ್ಲಿ ಮನೆಯ ರೌಟರಿಗೇ ಪಿಂಗ್ ಮಾಡಬೇಕು. ಅದರ ವಿಳಾಸ ಬಹುತೇಕ ಮನೆಗಳಲ್ಲಿ 192.168.1.1 ಅಥವಾ ಅದರಂಥದೇ ಒಂದು ಸಂಖ್ಯೆ. ಲೇಖಕನು ವೈಫೈ ಮೂಲಕ 500 ಪೊಟ್ಟಣ ಕಳುಹಿಸಿದಾಗ 19 ಮರಳಲಿಲ್ಲ. ಅದೇ ಕಂಪ್ಯೂಟರನ್ನು ತಂತಿಯಿಂದ ರೌಟರಿಗೆ ಜೋಡಿಸಿದಾಗ ಒಂದೂ ಕಳೆಯಲಿಲ್ಲ. ಲೇಖಕನು ನಾಚಬೇಕಾಯಿತು, ದೋಷದ ಒಂದು ಪಾಲು ಅವನ ಮನೆಯೊಳಗೇ ಇದ್ದಿತು. ರೌಟರು ಉಕ್ಕಿನ ಬೀರುವಿನ ಹಿಂದೆ ಕುಳಿತಿತ್ತು. ರೇಡಿಯೋ ಅಲೆಗೆ ಲೋಹ ತಡೆ. ಮೇಲಾಗಿ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ನೆರೆಮನೆಯ ವೈಫೈಗಳೂ ಮೈಕ್ರೋವೇವ್ ಒಲೆಯೂ ಪಾಲುದಾರರು. ರೌಟರನ್ನು ಬೀರುವಿನ ಮರೆಯಿಂದ ಹೊರಗೆ ತಂದಿಟ್ಟಾಗ 500ರಲ್ಲಿ ಕಳೆದುದು ಒಂದೇ.

ಎರಡನೆಯ ಹಂತದಲ್ಲಿ, ತಂತಿಯ ಜೋಡಣೆಯನ್ನೇ ಉಳಿಸಿಕೊಂಡು, ಮನೆಯ ಆಚೆಗಿರುವ ಸಂಸ್ಥೆಯ ಮೊದಲ ರೌಟರಿಗೆ ಪಿಂಗ್ ಮಾಡಬೇಕು. ಮೂರನೆಯ ಹಂತದಲ್ಲಿ 8.8.8.8ರಂಥ ದೂರದ ಸಾರ್ವಜನಿಕ ವಿಳಾಸಕ್ಕೆ. ಲೇಖಕನಿಗೆ ದೊರೆತ ನಷ್ಟಗಳು 500ಕ್ಕೆ ಕ್ರಮವಾಗಿ 11 ಮತ್ತು 12. ಇಂಥ ಎಣಿಕೆಯಲ್ಲಿ ಮೂರು ನಾಲ್ಕರ ಏರಿಳಿತ ಸಹಜವಾದುದರಿಂದ ಈ ಎರಡು ಸಂಖ್ಯೆಗಳೂ ಒಂದೇ ಎಂದು ತಿಳಿಯತಕ್ಕದ್ದು. ಎಂದರೆ ನಷ್ಟವು ಮನೆಗೂ ಆ ಮೊದಲ ರೌಟರಿಗೂ ನಡುವೆಯೇ ಆಗುತ್ತಿದೆ; ಅದರಾಚೆಗೆ ಏನೂ ಕೂಡಿಕೊಳ್ಳುತ್ತಿಲ್ಲ.

ಒಂದು ಎಚ್ಚರಿಕೆ

ದಾರಿಯಲ್ಲಿರುವ ರೌಟರುಗಳ ಪಟ್ಟಿಯನ್ನು ಕೊಡುವ ಸಾಧನ ‘ಟ್ರೇಸ್‌ರೂಟ್’. ಪ್ರತಿಯೊಂದು ಪೊಟ್ಟಣದ ಮೇಲೂ ಆಯುಸ್ಸಿನ ಒಂದು ಸಂಖ್ಯೆ ಇರುತ್ತದೆ. ದಾಟಿದ ಒಂದೊಂದು ರೌಟರಿಗೂ ಅದು ಒಂದೊಂದು ಇಳಿಯುತ್ತದೆ. ಸೊನ್ನೆಯಾದೊಡನೆ ಆ ರೌಟರು ಪೊಟ್ಟಣವನ್ನು ಕೈಬಿಟ್ಟು ಕಳುಹಿಸಿದವನಿಗೆ ಸುದ್ದಿ ಮುಟ್ಟಿಸುತ್ತದೆ. ಆಯುಸ್ಸು 1, 2, 3 ಎಂದು ಹೆಚ್ಚಿಸುತ್ತ ಹೋದರೆ ದಾರಿಯ ರೌಟರುಗಳು ಒಂದೊಂದಾಗಿ ತಮ್ಮ ಇರವನ್ನು ತಿಳಿಸುತ್ತವೆ. ಸುದ್ದಿ ಹೇಳದೆ ಮೌನವಾಗಿರುವವೂ ಉಂಟು.

ಈ ಪಟ್ಟಿಯನ್ನು ಓದುವಾಗ ಅನೇಕರು ಎಡವುತ್ತಾರೆ. ನಡುವಣ ಒಂದು ರೌಟರಿನೆದುರು ‘ನೂರಕ್ಕೆ 40 ನಷ್ಟ’ ಎಂದು ಕಂಡರೆ ಅದೇ ಅಪರಾಧಿಯೆಂದು ನಿರ್ಣಯಿಸುತ್ತಾರೆ. ರೌಟರಿನ ಮುಖ್ಯ ಕೆಲಸ ಪೊಟ್ಟಣವನ್ನು ಮುಂದೆ ಸಾಗಿಸುವುದು. ನಮ್ಮ ಪ್ರಶ್ನೆಗೆ ಉತ್ತರಿಸುವುದು ಬಿಡುವಿನ ಕೆಲಸ. ಬಿಡುವಿಲ್ಲದಾಗ ಅದು ಉತ್ತರವನ್ನು ಕಡಿಮೆ ಮಾಡುತ್ತದೆ. ಅದರಾಚೆಗಿನ ಯಂತ್ರಗಳೆಲ್ಲ ನಷ್ಟವಿಲ್ಲದೆ ಉತ್ತರಿಸುತ್ತಿದ್ದರೆ, ಪೊಟ್ಟಣಗಳು ಅದನ್ನು ದಾಟಿಯೇ ಹೋದವಲ್ಲವೆ? ಆದುದರಿಂದ ಒಂದು ಹಂತದಲ್ಲಿ ತೊಡಗಿ ಕೊನೆಯವರೆಗೂ ಮುಂದುವರಿದ ನಷ್ಟವನ್ನೇ ನಿಜವಾದ ನಷ್ಟವೆಂದು ಎಣಿಸಬೇಕು.

ದಟ್ಟಣೆಯೋ ವಿಕಾರವೋ?

ಸ್ಥಾನ ತಿಳಿದ ಮೇಲೆ ಕಾರಣವನ್ನು ವಿಚಾರಿಸಬೇಕು. ದಟ್ಟಣೆಯಿದ್ದಲ್ಲಿ ಪೊಟ್ಟಣಗಳು ಕಳೆಯುವ ಮುನ್ನ ಸಾಲಿನಲ್ಲಿ ಕಾಯುತ್ತವೆ. ಆದಕಾರಣ ನಷ್ಟದೊಡನೆ ವಿಳಂಬವೂ ಹೆಚ್ಚುತ್ತದೆ. ಊರೆಲ್ಲ ಚಲನಚಿತ್ರ ನೋಡುವ ರಾತ್ರಿಯ ಹೊತ್ತಿನಲ್ಲಿ ಹೆಚ್ಚಿ, ಬೆಳಗಿನ ಜಾವ ಇಳಿಯುತ್ತದೆ. ಸಂಕೇತದ ವಿಕಾರಕ್ಕೆ ಗಡಿಯಾರದ ಹಂಗಿಲ್ಲ. ಮರಳಿ ಬಂದ ಪೊಟ್ಟಣಗಳು ಎಂದಿನ ಹೊತ್ತಿಗೇ ಬರುತ್ತವೆ. ಲೇಖಕನು ಬೆಳಿಗ್ಗೆ 6 ಗಂಟೆಗೂ ರಾತ್ರಿ 9 ಗಂಟೆಗೂ ಮೂರು ದಿನ ಅಳೆದನು. ನಷ್ಟ ಬದಲಾಗಲಿಲ್ಲ, ವಿಳಂಬವೂ ಏರಲಿಲ್ಲ. ಅನುಮಾನವು ದಾರಿಯ ಮೇಲೆಯೇ ನಿಂತಿತು.

ಮನೆಗೆ ಬರುವ ಗಾಜಿನ ಎಳೆಯಲ್ಲಿ ಎಷ್ಟು ಬೆಳಕು ತಲಪುತ್ತಿದೆ ಎಂಬುದನ್ನು ಆ ಪೆಟ್ಟಿಗೆಯೇ ಅಳೆದು ತೋರಿಸುತ್ತದೆ. ಒಂದು ಮಿಲಿವಾಟನ್ನು ಸೊನ್ನೆಯೆಂದು ಹಿಡಿದ ಡೆಸಿಬೆಲ್ ಮಾನದಲ್ಲಿ, ಮನೆಗಳಲ್ಲಿ ಸಾಮಾನ್ಯವಾಗಿರುವ ಒಂದು ವರ್ಗದ ಗ್ರಾಹಕಕ್ಕೆ −27, ಎಂದರೆ ಸುಮಾರು 2 ಮೈಕ್ರೋವಾಟ್, ಕನಿಷ್ಠ ಮಿತಿ. ಲೇಖಕನ ಪೆಟ್ಟಿಗೆ −29 ತೋರಿಸುತ್ತಿತ್ತು. ಈ ಅಂಕಿಯನ್ನೂ ಮೂರು ದಿನಗಳ ಕೋಷ್ಟಕವನ್ನೂ, ತನ್ನ ವೈಫೈ ದೋಷದ ಒಪ್ಪಿಗೆಯೊಡನೆ, ಬರೆದು ಕಳುಹಿಸಿದನು. ಈ ಸಲ ಬಂದ ತಂತ್ರಜ್ಞನು ವಾದಿಸಲಿಲ್ಲ. ನೇರವಾಗಿ ಎಳೆಯ ಜಾಡು ಹಿಡಿದು ಹೊರಟನು. ಕಿಟಕಿಯ ಚೌಕಟ್ಟಿನ ಮೂಲೆಯಲ್ಲಿ ಎಳೆ ಬಿಗಿಯಾಗಿ ಮಡಿಸಿಕೊಂಡಿತ್ತು. ಪೂರ್ಣಾಂತರಿಕ ಪ್ರತಿಫಲನದಿಂದ ಒಳಗೇ ಉಳಿಯಬೇಕಾದ ಬೆಳಕು, ತಿರುವು ಅತಿಯಾದಾಗ ಹೊರಕ್ಕೆ ಸೋರುತ್ತದೆ. ಮಡಿಕೆಯನ್ನು ಬಿಡಿಸಿ, ಎಳೆಯ ಕೊನೆಯನ್ನು ಹೊಸದಾಗಿ ಜೋಡಿಸಿದ ಮೇಲೆ ಅಂಕಿ −21ಕ್ಕೆ ಏರಿತು. 500 ಪೊಟ್ಟಣಗಳೂ ಮರಳಿದವು. ಅಷ್ಟಕ್ಕೇ ನಷ್ಟ ಸೊನ್ನೆಯೆನ್ನಲಾಗದು. ಅದು ಬಹುಶಃ ನೂರಕ್ಕೆ 0.6ಕ್ಕಿಂತ ಕಡಿಮೆ ಎಂದಷ್ಟೇ ಹೇಳಬಹುದು. ಪಾಠಕ್ಕೆ ಅಷ್ಟು ಸಾಕು.

ವಾದದಲ್ಲಿ ಇಬ್ಬರೂ ಅರ್ಧ ಸರಿ, ಅರ್ಧ ತಪ್ಪು. ತನ್ನ ಮೇಲೆ ಬರುವ ದೋಷವನ್ನೂ ಅಷ್ಟೇ ನಿಷ್ಠೆಯಿಂದ ದಾಖಲಿಸಿದ ಕೋಷ್ಟಕಕ್ಕೆ ಎದುರಾಳಿಯೂ ಬೆಲೆ ಕೊಡುತ್ತಾನೆ. ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿಯೇ ಈ ಪ್ರಯೋಗವನ್ನು ಮಾಡಿ ನೋಡಬಹುದು. ಬೇಕಾದುದು ಒಂದು ಕಂಪ್ಯೂಟರು, ಒಂದು ತುಂಡು ತಂತಿ, ಒಂದು ಟಿಪ್ಪಣಿ ಪುಸ್ತಕ. ದಿನಾಂಕ, ವೇಳೆ, ಕಳುಹಿಸಿದ ಸಂಖ್ಯೆ, ಕಳೆದ ಸಂಖ್ಯೆ, ಸರಾಸರಿ ವಿಳಂಬ ಇವಿಷ್ಟನ್ನು ಬರೆದಿಟ್ಟುಕೊಳ್ಳಿ. ದೂರು ಕೊಡುವುದು ಆಮೇಲೆ.