ಇಂದಿನ ಧಮ್ಮ ಚಿಂತನೆ: ಕುಜದೋಷ ಮತ್ತು ಕೆಪ್ಲರ್



ನನ್ನ ಕಿರಿಯ ಮಗಳಿಗೆ ಒಂದು ಸಂಬಂಧ ಬಂದಿದೆ. ಗಂಡಿನವರೂ ನಮ್ಮಂತೆಯೇ ದೀಕ್ಷೆ ತೆಗೆದುಕೊಂಡವರು. ಹಾಗಿದ್ದೂ ಮೊನ್ನೆ ಫೋನಿನಲ್ಲಿ ಹುಡುಗಿಯ ಜನ್ಮನಕ್ಷತ್ರ ಕೇಳಿದರು. 'ನೋಡಿ ಹೇಳ್ತೀನಿ' ಅಂದುಬಿಟ್ಟೆ. ಮಗಳು ಕೇಳಿಸಿಕೊಂಡಳು, ಏನೂ ಅನ್ನಲಿಲ್ಲ. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟು 'ಕಾಸ್ಮಾಸ್' ಸರಣಿಯ 3ನೇ ಕಂತು ಹಾಕಿದಳು.

ಕಾರ್ಲ್ ಸೇಗನ್ ನಡೆಸಿಕೊಟ್ಟ, 1980ರಲ್ಲಿ ಅಮೆರಿಕದ ಟಿವಿಯಲ್ಲಿ ಬಂದ 13 ಕಂತುಗಳ ಸರಣಿ ಅದು. ಕಾಲೇಜಿನಲ್ಲಿದ್ದಾಗ ಕ್ಯಾಸೆಟ್ಟಿನಲ್ಲಿ ನೋಡಿದ್ದೆ. ಆಗ ಮನಸ್ಸಿನಲ್ಲಿ ಉಳಿದದ್ದು ನಕ್ಷತ್ರಗಳ ಚಿತ್ರ, ಸಂಗೀತ ಅಷ್ಟೇ.

ಈ ಸಲ ಬೇರೆಯೇ ಕಂಡಿತು. ಸೇಗನ್ ಕೇಳುತ್ತಾರೆ: ಮುಚ್ಚಿದ ಕೋಣೆಯಲ್ಲಿ ಹುಟ್ಟಿದ ಮಗುವಿಗೆ ಮಂಗಳ ಗ್ರಹದ ಬೆಳಕೂ ತಾಗುವುದಿಲ್ಲ. ಉಳಿದದ್ದು ಗುರುತ್ವದ ಸೆಳೆತ. ಅದಕ್ಕಿಂತ ಪಕ್ಕದಲ್ಲಿ ನಿಂತ ಹೆರಿಗೆ ಡಾಕ್ಟರರ ಸೆಳೆತವೇ ಹೆಚ್ಚು!

ನಗು ಬಂತು. ಆಮೇಲೆ ನಗು ನಿಂತಿತು. ಹಿರಿಯ ಮಗಳಿಗೆ ಕುಜದೋಷ ಇದೆ ಎಂದು ಯಾರೋ ಹೇಳಿದ ಮಾತಿಗೆ ಎರಡು ಒಳ್ಳೆಯ ಸಂಬಂಧ ಬಿಟ್ಟವನು ನಾನೇ. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಬೀರುವಿನೊಳಗೆ ಜಾತಕ. ಆ ಕುಜ ಎಂದರೆ ಇದೇ ಮಂಗಳ.

ಅದೇ ಮಂಗಳನ ಹಿಂದೆ ಕೆಪ್ಲರ್ ವರ್ಷಗಟ್ಟಲೆ ಬಿದ್ದಿದ್ದ. ಗ್ರಹಗಳು ವೃತ್ತದಲ್ಲೇ ಸುತ್ತಬೇಕು ಎಂಬುದು ಗ್ರೀಕರ ಕಾಲದ ನಂಬಿಕೆ; ಅವನಿಗೂ ಅದು ಪ್ರಿಯವೇ. ಆದರೆ ಟೈಕೋ ಬ್ರಾಹೆ ದೂರದರ್ಶಕವಿಲ್ಲದೆ ಬರಿಗಣ್ಣಿನಲ್ಲಿ ಅಳೆದಿಟ್ಟ ಲೆಕ್ಕಕ್ಕೂ ಕೆಪ್ಲರನ ವೃತ್ತಕ್ಕೂ ಸ್ವಲ್ಪ ವ್ಯತ್ಯಾಸ ಬಂತು. ಒಂದು ಡಿಗ್ರಿಯ 60 ಭಾಗದಲ್ಲಿ 8 ಭಾಗ, ಅಂದರೆ ಹುಣ್ಣಿಮೆ ಚಂದ್ರನ ಅಗಲದ ಸುಮಾರು ಕಾಲುಪಾಲು. ಕಣ್ಣು ಮುಚ್ಚಿ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ನಂಬಿಕೆಯನ್ನೇ ಬಿಟ್ಟ. 1609ರಲ್ಲಿ ಮಂಗಳನ ದಾರಿ ದೀರ್ಘವೃತ್ತ ಎಂದು ಪ್ರಕಟಿಸಿದ. (ಇವನೂ ದುಡ್ಡಿಗಾಗಿ ಜಾತಕ ಬರೆದುಕೊಟ್ಟವನೇ. ಅದನ್ನು ಓದಿ ನನಗೆ ತುಸು ಸಮಾಧಾನವಾದದ್ದು ನಿಜ.)

ಕಾಲಾಮ ಸುತ್ತವನ್ನು ನಾವು ಎಷ್ಟು ಸಲ ಓದಿಲ್ಲ! ಪರಂಪರೆಯಿಂದ ಬಂತೆಂದು ಒಪ್ಪಬೇಡಿ, ಗ್ರಂಥದಲ್ಲಿದೆ ಎಂದು ಒಪ್ಪಬೇಡಿ ಎಂದು ಭಗವಾನರು ಕೇಸಪುತ್ತದ ಜನರಿಗೆ ಹೇಳಿದ್ದನ್ನು ನಾನೇ ಬೇರೆಯವರಿಗೆ ವಿವರಿಸಿದ್ದೇನೆ. ಆದರೆ ಮದುವೆ ಮಾತು ಬಂದಾಗ ಮಾತ್ರ 'ಇರಲಿ, ಒಂದ್ಸಲ ನೋಡಿಸೋಣ' ಎನ್ನುತ್ತೇವೆ. ಏನು ನೋಡಿಸುತ್ತೇವೆ ಗೊತ್ತೇ? 36 ಗುಣಗಳ ಆ ಲೆಕ್ಕದಲ್ಲಿ ಮೊದಲನೆಯದೇ ವರ್ಣಕೂಟ. ಕರ್ಕಾಟಕ, ವೃಶ್ಚಿಕ, ಮೀನ ಬ್ರಾಹ್ಮಣ ರಾಶಿಗಳು. ಮಿಥುನ, ತುಲಾ, ಕುಂಭ ಶೂದ್ರ ರಾಶಿಗಳು. ಹುಡುಗನ ವರ್ಣಕ್ಕಿಂತ ಹುಡುಗಿಯ ವರ್ಣ ಮೇಲಿರಬಾರದು. 1956ರಲ್ಲಿ ನಾಗಪುರದಲ್ಲಿ ಬಿಟ್ಟು ಬಂದದ್ದನ್ನು ನಾವೇ ದಕ್ಷಿಣೆ ಕೊಟ್ಟು ಆಕಾಶದಿಂದ ಇಳಿಸಿಕೊಳ್ಳುತ್ತಿದ್ದೇವೆ.

ನಿನ್ನೆ ಗಂಡಿನವರಿಗೆ ಫೋನ್ ಮಾಡಿ, ನಕ್ಷತ್ರ ಹೇಳುವುದಿಲ್ಲ, ಬೇಕಾದರೆ ರಕ್ತದ ಗುಂಪು ಹೇಳುತ್ತೇನೆ ಎಂದೆ. ಹುಡುಗನ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಮನೆಯವರನ್ನ ಕೇಳಿ ಹೇಳ್ತೀನಣ್ಣ' ಎಂದರು. ಇನ್ನೂ ಉತ್ತರ ಬಂದಿಲ್ಲ.

ಈ ಭಾನುವಾರ ವಂದನೆಯ ನಂತರ ಆ ಕಂತನ್ನು ಎಲ್ಲರೂ ಕೂತು ನೋಡೋಣ. ಮದುವೆ ವಯಸ್ಸಿನ ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ.

ಭವತು ಸಬ್ಬ ಮಂಗಲಂ. ಜೈಭೀಮ್.